ಕಾಣೆಯಾದ ವಿಮಾನ, ಮೂರು ಕಾಲಂನ ಪುಸ್ತಕ

ನಿವೃತ್ತಿ ಎಂಬ ಮಾತು ನನ್ನ ವಯಸ್ಸಿಗೆ ದೊಡ್ಡದು. ಮೂವತ್ತಮೂರಕ್ಕೆ ಯಾರೂ ನಿವೃತ್ತರಾಗುವುದಿಲ್ಲ, ಕೆಲಸ ಬಿಡುತ್ತಾರೆ ಅಷ್ಟೆ. ಬಿಟ್ಟ ಕಾರಣ ನನ್ನದು, ಅದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಭಾರತೀನಗರದ ಗೊಬ್ಬರದಂಗಡಿಯ ಮಹಡಿಯ ಮೇಲಿದ್ದ ಸಮುದಾಯ ರೇಡಿಯೋದ ಎರಡು ಕೋಣೆಗಳಲ್ಲಿ ಹತ್ತು ವರ್ಷ ಕಳೆದಿದ್ದೇನೆ. ನಾನು ಕೂರುತ್ತಿದ್ದ ಜಾಗಕ್ಕೆ ಈಗ ಇಬ್ಬರು ಹೊಸ ಹುಡುಗಿಯರು ಬಂದಿದ್ದಾರೆ. ಹೋದ ವಾರ ಅವರಲ್ಲಿ ಒಬ್ಬಳು ಫೋನ್ ಮಾಡಿ, "ಅಕ್ಕ, ಈ ಕೆಂಪು ಗೆರೆ ಹಾಕಿರೋ ಪುಸ್ತಕ ಏನಕ್ಕೆ? ಎಸೀಬಹುದಾ?" ಎಂದು ಕೇಳಿದಳು. ಯಾಕೆ ಎಸೆಯಬಾರದು ಎಂದು ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ಪತ್ರಿಕೋದ್ಯಮ ಓದಿ ಬಂದವಳು ನಾನು. ರೇಡಿಯೋ ಎಂದರೆ ಸುದ್ದಿ ಓದುವುದು ಎಂದುಕೊಂಡಿದ್ದೆ. ಮೊದಲ ದಿನವೇ ಗೊತ್ತಾಯಿತು, ಸಮುದಾಯ ರೇಡಿಯೋ ತನ್ನದೇ ಸುದ್ದಿ ಓದುವ ಹಾಗಿಲ್ಲ. ನಮಗೆ ಉಳಿದಿದ್ದು ರಾಗಿಯ ರೋಗ, ನಾಲೆಗೆ ನೀರು ಬಿಡುವ ದಿನ, ಸೋಬಾನೆ ಪದ, ಕಳೆದುಹೋದ ಎಮ್ಮೆ, ಮತ್ತು "ಮನೆಮಾತು" ಎಂಬ ಕಾರ್ಯಕ್ರಮ. ಇದರಲ್ಲಿ ಕೇಳುಗರು ತಮ್ಮ ಮನೆಯ ವಿಶೇಷ ಹೇಳಿ ಒಂದು ಹಾಡು ಕೇಳುತ್ತಿದ್ದರು. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ್ದೆವು. ಕೆಳಗೆ ಲಾರಿಯಿಂದ ಗೊಬ್ಬರದ ಮೂಟೆ ಇಳಿಸುವಾಗ ರೆಕಾರ್ಡಿಂಗ್ ನಿಲ್ಲಿಸಿ, ಎಷ್ಟು ಮೂಟೆ ಬಾಕಿ ಇದೆ ಎಂದು ಕಿಟಕಿಯಲ್ಲಿ ಬಗ್ಗಿ ನೋಡಬೇಕಿತ್ತು.

ನಮ್ಮ ಮುಖ್ಯಸ್ಥರು ಶಿವಲಿಂಗಯ್ಯ ಸರ್. ಹೈಸ್ಕೂಲಿನ ಹೆಡ್‌ಮಾಸ್ಟರ್ ಆಗಿ ನಿವೃತ್ತರಾಗಿ ಬಂದವರು. ಮೊದಲ ವಾರ ನಾನು ಬರೆದುಕೊಂಡದ್ದನ್ನು ಓದುತ್ತಿದ್ದಾಗ ಗಾಜಿನ ಆಚೆಯಿಂದ ಕೈ ಎತ್ತಿ ನಿಲ್ಲಿಸಿದರು.

"ಪರೀಕ್ಷೆ ಬರೀತಿದ್ದೀಯೇನಮ್ಮ? ಎದುರಿಗೆ ಒಬ್ಬ ಹೆಂಗಸು ಹೊಲದಲ್ಲಿ ಕೂತು ಎಲೆ ಅಡಿಕೆ ಹಾಕ್ಕೋತಾವ್ಳೆ ಅಂದ್ಕೊ. ಅವಳ ಹತ್ರ ಮಾತಾಡು."

ನಾನು ಹೆಚ್ಚು ಮಾತಿನವಳಲ್ಲ. ಆ ಹೆಂಗಸಿನ ಜೊತೆ ಮಾತಾಡುವುದನ್ನು ಕಲಿಯಲು ಎರಡು ವರ್ಷ ಹಿಡಿಯಿತು.

ಪುಸ್ತಕ ಹುಟ್ಟಿದ್ದು ನನ್ನ ಮೊದಲ ಎಡವಟ್ಟಿನಿಂದ. ಒಬ್ಬರು ಫೋನ್ ಮಾಡಿ, ಗುರುವಾರ ತಮ್ಮ ಊರಿಗೆ ದನದ ಡಾಕ್ಟರು ಬರುತ್ತಾರೆ, ಪ್ರಸಾರ ಮಾಡಿ ಎಂದರು. ಮಾಡಿದೆ. ಗುರುವಾರ ಆ ಊರಿನ ಅರಳಿಕಟ್ಟೆಯ ಸುತ್ತ ನಲವತ್ತು ದನ ಬಂದು ನಿಂತವು, ಡಾಕ್ಟರು ಬರಲಿಲ್ಲ. ಹೇಳಿದವರನ್ನು ಹಿಡಿದು ಕೇಳಿದರೆ, "ಓದ್ ಸಲ ಗುರುವಾರ ಬಂದಿದ್ರು. ಈ ಸಲಾನೂ ಬತ್ತಾರೆ ಅಂದ್ಕಂಡೆ ಕಣಮ್ಮ" ಎಂದರು. ದನದ ಯಜಮಾನರು ಮಹಡಿ ಹತ್ತಿ ಬಂದು ಬೈದದ್ದನ್ನು ಇಲ್ಲಿ ಬರೆಯಲಾರೆ.

ಅವರೆಲ್ಲ ಹೋದ ಮೇಲೆ ಶಿವಲಿಂಗಯ್ಯ ಸರ್ ಒಂದು ಉದ್ದನೆಯ ಪುಸ್ತಕ ತಂದು, ಕೆಂಪು ಶಾಯಿಯಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿದರು. ಕಂಡದ್ದು. ಕೇಳಿದ್ದು. ಅಂದುಕೊಂಡದ್ದು. "ಫೋನ್ ಮಾಡಿದೋರನ್ನ ಮೊದಲು ಇದನ್ನ ಕೇಳು. ಕಂಡದ್ದಾದರೆ ಪ್ರಸಾರ ಮಾಡು. ಕೇಳಿದ್ದಾದರೆ ಯಾರಿಂದ ಅಂತ ಕೇಳಿ ಅವರಿಗೆ ಫೋನ್ ಮಾಡು. ಅಂದುಕೊಂಡದ್ದಾದರೆ ನಮಸ್ಕಾರ ಹೇಳಿ ಇಡು." ಪ್ರಕಟಣೆಗಳಿಗೆ ಮಾತ್ರ ಈ ಪುಸ್ತಕ ಎಂದು ನಾನೇ ತೀರ್ಮಾನಿಸಿಕೊಂಡೆ. "ಮನೆಮಾತು" ಹಾಡಿನ ಕಾರ್ಯಕ್ರಮ ತಾನೆ, ಅದಕ್ಕೇಕೆ ಎಂದುಕೊಂಡೆ. ಅಲ್ಲಿ ತಪ್ಪಿದೆ. ಅದು ಗೊತ್ತಾಗಲು ಐದು ವರ್ಷ ಬೇಕಾಯಿತು.

ಅಷ್ಟರಲ್ಲಿ ಕೆಲಸದ ರೀತಿ ಬದಲಾಗಿತ್ತು. ಮೊದಲು ಕಾರ್ಡು ಬರುತ್ತಿದ್ದವು, ಆಮೇಲೆ ಫೋನು, ಆಮೇಲೆ ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ. ಒಂದು ಸೋಮವಾರ ಚಿಕ್ಕರಸಿನಕೆರೆ ಪಕ್ಕದ ಹಳ್ಳಿಯಿಂದ ತಾಯಮ್ಮ ಎಂಬುವರ ಸಂದೇಶ ಬಂತು. ಪಕ್ಕದ ಮನೆಯವರ ಫೋನಿನಿಂದ ಕಳಿಸಿದ್ದರು. ಮಗಳು ಸುನಂದಾ ಕೊಲ್ಲಿ ದೇಶದಲ್ಲಿ ಒಬ್ಬ ವಯಸ್ಸಾದ ಹೆಂಗಸನ್ನು ನೋಡಿಕೊಳ್ಳುವ ನರ್ಸು, ಮೂರು ವರ್ಷದ ಮೇಲೆ ರಜೆಗೆ ಬರುತ್ತಾಳೆ, ಅವಳಿಗೊಂದು ಹಾಡು ಹಾಕಿ ಎಂದಿದ್ದರು. ಯಾವತ್ತು ಎಂದು ಆ ನಂಬರಿಗೇ ಫೋನ್ ಮಾಡಿ ಕೇಳಿದಾಗ, "ಸುಕ್ರವಾರಕ್ಕೇನೊ" ಎಂದರು. ಮೈಕಿನ ಮುಂದೆ ನಾನು ಉತ್ಸಾಹದಿಂದ ಹೀಗೆಂದೆ: "ಸುನಂದಾ ಇದೇ ಶುಕ್ರವಾರ ವಿಮಾನದಲ್ಲಿ ತಾಯ್ನಾಡಿಗೆ ಬರುತ್ತಿದ್ದಾರೆ." ಹಾಡು ಹಾಕಿದೆ. ಮರೆತೆ.

ಶುಕ್ರವಾರ ಮಧ್ಯಾಹ್ನ ಟಿವಿಯಲ್ಲಿ ಬಂತು. ಕೊಲ್ಲಿಯ ಕಡೆಯಿಂದ ಬೆಂಗಳೂರಿಗೆ ಹೊರಟಿದ್ದ ಪ್ರಯಾಣಿಕರ ವಿಮಾನವೊಂದು ಸಮುದ್ರದ ಮೇಲೆ ಸಂಪರ್ಕ ಕಳೆದುಕೊಂಡಿದೆ. ಎಲ್ಲಿದೆ, ಏನಾಯಿತು, ಯಾರಿಗೂ ಗೊತ್ತಿಲ್ಲ.

ಯಾರಿಗೂ ಗೊತ್ತಿಲ್ಲದ್ದು ನಮ್ಮ ಕೇಳುಗರಿಗೆಲ್ಲ ಗೊತ್ತಿತ್ತು. ಆ ಸಂಜೆ ರಾಗಿಯ ಬೆಂಕಿ ರೋಗದ ಬಗ್ಗೆ ಫೋನ್ ಇನ್ ಕಾರ್ಯಕ್ರಮ ಇಟ್ಟಿದ್ದೆ. ಮೊದಲ ಕರೆ ಹಲಗೂರಿನ ಚನ್ನಪ್ಪನವರದು. ಬಸ್ ಕಂಡಕ್ಟರ್ ಆಗಿದ್ದವರು, ನಮ್ಮ ಕಾರ್ಯಕ್ರಮವನ್ನು ಮೊಬೈಲಿನಲ್ಲಿ ಕೇಳುತ್ತಿದ್ದರು.

"ಮೇಡಂ, ಇಮಾನ ಸಮುದ್ರುಕ್ಕೆ ಬಿದ್ದಿಲ್ಲ. ಡ್ರೈವರು ದಾರಿ ತಪ್ಪವ್ನೆ."

"ಕಂಡದ್ದೋ, ಕೇಳಿದ್ದೋ, ಅಂದುಕೊಂಡದ್ದೋ ಸರ್?"

"ಮೂವತ್ತು ವರ್ಸ ಸರ್ವೀಸು ಮೇಡಂ ನಂದು! ಗಾಡಿ ಲೇಟಾದ್ರೆ ಏನಾಗಿರ್ತದೆ ಅಂತ ನಂಗೊತ್ತಿಲ್ವ?"

ಮೂರನೇ ಕಾಲಂಗೆ ಬರೆದುಕೊಂಡೆ. ಎರಡನೆಯವರು ಬೋರೇಗೌಡರು, ಚಿಕ್ಕರಸಿನಕೆರೆಯ ಕಬ್ಬು ಬೆಳೆಗಾರರು. ಯಾವುದೋ ದೇಶದವರು ವಿಮಾನವನ್ನು ಇಳಿಸಿಕೊಂಡು ಮೇಲೆ ಸೊಪ್ಪು ಮುಚ್ಚಿದ್ದಾರೆ ಎಂದರು. ಅಷ್ಟು ದೊಡ್ಡ ವಿಮಾನಕ್ಕೆ ಎಷ್ಟು ಸೊಪ್ಪು ಬೇಕು ಎಂದು ಕೇಳಿದೆ. "ನಮ್ಮ ಎಲ್ಡೆಕ್ರೆ ಕಬ್ಬಿನ್ ಗರಿ ಸಾಕು ಕಣಮ್ಮ" ಎಂದು ಲೆಕ್ಕ ಹಾಕಿಯೇ ಹೇಳಿದರು. ಸಮುದ್ರದ ತಳದಲ್ಲಿ ದೊಡ್ಡ ಸೂಜಿಗಲ್ಲು ಇದೆ ಎಂದವರು ಇಬ್ಬರು. ಬೆಳಿಗ್ಗೆ ಹಸು ಹಾಲು ಕೊಡಲಿಲ್ಲ, ಆಗಲೇ ಅನುಮಾನ ಬಂತು ಎಂದವರು ಒಬ್ಬರು. ಬೆಂಕಿ ರೋಗದ ಬಗ್ಗೆ ಯಾರೂ ಕೇಳಲಿಲ್ಲ. ಒಳಗೊಳಗೇ ನಗು ಬರುತ್ತಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಶನಿವಾರ ಬೆಳಿಗ್ಗೆ ನಗು ನಿಂತಿತು. ಬೋರೇಗೌಡರೇ ಮತ್ತೆ ಫೋನ್ ಮಾಡಿದರು.

"ಅಮ್ಮಯ್ಯ, ನಮ್ ತಾಯಮ್ಮನ್ ಮಗಳು ಸುನಂದಾ ಅದೇ ಇಮಾನದಾಗಿದ್ಲಂತೆ ಕಣಮ್ಮ."

ಆ ಬೆಳಿಗ್ಗೆ ಅದೇ ಮಾತಿನ ಹನ್ನೊಂದು ಕರೆ ಬಂದವು. ಸುನಂದಾಳ ತಮ್ಮ ಮಹೇಶ ಶುಕ್ರವಾರ ಬಾಡಿಗೆ ಕಾರಿನಲ್ಲಿ ಬೆಂಗಳೂರಿಗೆ ಹೋಗಿ, ಸಂಜೆಯವರೆಗೆ ವಿಮಾನ ನಿಲ್ದಾಣದಲ್ಲಿ ಕಾದು ಬರಿಗೈಲಿ ಬಂದಿದ್ದ. ಅವಳ ಫೋನು ಹತ್ತುತ್ತಿರಲಿಲ್ಲ. ವಿಮಾನದ ಕಂಪನಿಯವರು ಪಾಸ್‌ಪೋರ್ಟ್ ನಂಬರು ಕೊಡಿ, ಹೇಳುತ್ತೇವೆ ಎಂದರು. ಅದು ಮನೆಯಲ್ಲಿ ಯಾರ ಬಳಿಯೂ ಇರಲಿಲ್ಲ. ಊರಿಗೆ ಇಷ್ಟು ಸಾಕಾಗಿತ್ತು. ಮಧ್ಯಾಹ್ನದೊಳಗೆ ಮದ್ದೂರಿನಲ್ಲಿ ಫ್ಲೆಕ್ಸ್ ಅಚ್ಚಾಗಿ, ಚಿಕ್ಕರಸಿನಕೆರೆ ಸರ್ಕಲ್ಲಿನಲ್ಲಿ ಕಟ್ಟಿಯೂ ಆಯಿತು. ಸುನಂದಾಳ ದೊಡ್ಡ ಫೋಟೋ, ಕೆಳಗೆ "ಮತ್ತೆ ಹುಟ್ಟಿ ಬಾ", ಅದರ ಕೆಳಗೆ ಫ್ಲೆಕ್ಸ್ ಹಾಕಿಸಿದ ಹದಿನಾರು ಜನರ ಸಣ್ಣ ಫೋಟೋ.

ಸಂಜೆ ನಾಲ್ಕು ಜನ ಮಹಡಿ ಹತ್ತಿ ಬಂದರು. ಮುಂದೆ ಬೋರೇಗೌಡರು. ರೇಡಿಯೋದಲ್ಲಿ ಶ್ರದ್ಧಾಂಜಲಿ ಆಗಬೇಕು ಎಂದರು.

"ಅವರ ತಾಯಿ ಏನಂತಾರೆ?" ಎಂದು ಕೇಳಿದೆ.

ಬೋರೇಗೌಡರು ಕೂತು ತಲೆಯ ಟವಲು ಬಿಚ್ಚಿದರು. "ಅದೇ ಕಷ್ಟ ಕಣಮ್ಮ. ಆವಮ್ಮ ಒಲೆ ಆರಿಸ್ತಾ ಇಲ್ಲ. ಸೂತಕದ್ ಮನೇಲಿ ಒಲೆ ಅಚ್ಬಾರ್ದು, ಅಕ್ಕಪಕ್ಕದೋರು ಅನ್ನ ತಂದವ್ರೆ. ಪಾತ್ರೆನ ವಸ್ಲು ದಾಟುಸ್ತಿಲ್ಲ. ಬಂದೋರ್ಗೆಲ್ಲ ತಾನೇ ಮುದ್ದೆ ತಿರುವಿ, ತಿಂದು ಎದ್ದೋಗಿ ಅಂತಾಳೆ. ನೀವು ರೇಡಿಯೋದಾಗೆ ಏಳಿಬುಟ್ರೆ ನಂಬ್ತಾಳೆ. ಅತ್ತು ಅಗುರಾಗ್ತಾಳೆ. ಈಗ ಉಚ್ಚಿಡಿಯಂಗದೆ."

ಅವರ ಕಣ್ಣಲ್ಲಿ ನೀರಿತ್ತು. ಅವರು ಕೆಟ್ಟವರಲ್ಲ, ಆ ಹೆಂಗಸಿನ ಒಳ್ಳೆಯದಕ್ಕೇ ಬಂದವರು. ಕೆಟ್ಟವರಾಗಿದ್ದರೆ ಇಲ್ಲ ಎನ್ನುವುದು ಸುಲಭವಾಗುತ್ತಿತ್ತು. ನಾಳೆ ಹತ್ತು ಗಂಟೆಯವರೆಗೆ ಸಮಯ ಕೊಡಿ ಎಂದೆ.

ಭಾನುವಾರ ಏಳಕ್ಕೇ ಬಂದು ಪುಸ್ತಕ ತೆಗೆದೆ. ಸುನಂದಾ ಬಗ್ಗೆ ಬಂದ ಹನ್ನೊಂದು ಕರೆಗಳೂ ಎರಡನೇ ಕಾಲಂನಲ್ಲಿದ್ದವು. ಕೇಳಿದ್ದು. ಯಾರಿಂದ? ಒಂದೊಂದೇ ಫೋನ್ ಮಾಡುತ್ತಾ ಹೋದೆ. ಬೋರೇಗೌಡರಿಗೆ ಹೇಳಿದ್ದು ಕ್ಷೌರದಂಗಡಿಯವರು. ಅವರಿಗೆ ಹೇಳಿದ್ದು ಒಬ್ಬ ಮೇಷ್ಟ್ರು. ಮೇಷ್ಟ್ರಿಗೆ ಅವರ ಹೆಂಡತಿ. ಆಕೆ ಫೋನಿನಲ್ಲಿ ಆಶ್ಚರ್ಯಪಟ್ಟರು.

"ಇದೇನ್ ಇಂಗ್ ಕೇಳ್ತೀರಾ ಮೇಡಂ? ಸುಕ್ರವಾರದ್ ಇಮಾನದಲ್ಲಿ ಬತ್ತಾವ್ಳೆ ಅಂತ ನೀವೇ ಏಳುದ್ರಲ್ಲ, ಸೋಮವಾರ! ನಿಮ್ ದನೀನೇ."

ಉಳಿದವರನ್ನೂ ಕೇಳಿದೆ. ಹನ್ನೊಂದು ದಾರಿಯೂ ನನ್ನ ಕುರ್ಚಿಗೇ ಬಂದು ಮುಟ್ಟಿದವು. ತಾಯಿಯೊಬ್ಬಳ "ಏನೊ" ಎಂಬ ಅಂದಾಜನ್ನು ನಾನು ಕಂಡದ್ದೆಂಬಂತೆ ಹೇಳಿದ್ದೆ. ಊರಿನವರು ಅದರ ಮೇಲೆ ಒಂದು ಸಾವನ್ನು ಕಟ್ಟಿದ್ದರು.

ಶಿವಲಿಂಗಯ್ಯ ಸರ್ ಬಂದಾಗ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಪುಸ್ತಕ ತಿರುಗಿಸಿ ನೋಡಿ, "ಈಗ ಏನ್ ಮಾಡ್ತೀಯ?" ಎಂದರು.

"ಮೈಕಿನಲ್ಲಿ ಹೇಳ್ತೀನಿ. ಆದರೆ ನಾವು ಸುದ್ದಿ ಹೇಳೋ ಹಾಗಿಲ್ಲವಲ್ಲ ಸರ್."

"ಇದು ಸುದ್ದಿಯಲ್ಲಮ್ಮ, ತಿದ್ದುಪಡಿ. ಮೇಷ್ಟ್ರಾಗಿದ್ದೋನು ನಾನು. ತಿದ್ದೋದಕ್ಕೆ ಯಾರ ಅಪ್ಪಣೇನೂ ಬೇಕಿಲ್ಲ."

ಹತ್ತು ಗಂಟೆಗೆ ಬೋರೇಗೌಡರ ಗುಂಪು ಗಾಜಿನ ಆಚೆ ಬಂದು ನಿಂತಿತು. ನಾನು ಬರೆದುಕೊಳ್ಳಲಿಲ್ಲ. ಎದುರಿಗೆ ಒಬ್ಬ ಹೆಂಗಸು ಕೂತಿದ್ದಾಳೆ ಎಂದುಕೊಂಡೆ. ಈ ಸಲ ಅವಳು ಒಲೆಯ ಮುಂದೆ ಕೂತಿದ್ದಳು.

"ಸುನಂದಾ ಶುಕ್ರವಾರ ಬರುತ್ತಾರೆ ಎಂದು ಸೋಮವಾರ ಹೇಳಿದ್ದು ನಾನು. ಅದು ನನಗೆ ಖಚಿತವಾಗಿ ಗೊತ್ತಿರಲಿಲ್ಲ. ನಾನು ಅವರ ಟಿಕೆಟ್ ಕಂಡಿಲ್ಲ, ವಿಮಾನದ ಹೆಸರು ಕೇಳಿಲ್ಲ. ತಪ್ಪು ನನ್ನದು. ಅವರು ಆ ವಿಮಾನದಲ್ಲಿದ್ದರು ಎಂಬುದನ್ನಾಗಲಿ, ಇರಲಿಲ್ಲ ಎಂಬುದನ್ನಾಗಲಿ ಕಂಡವರು ಇದುವರೆಗೆ ಯಾರೂ ಸಿಕ್ಕಿಲ್ಲ. ಅವರ ಟಿಕೆಟ್, ಅವರ ಕಾಗದ, ಅವರ ಸಂದೇಶ, ಏನನ್ನಾದರೂ ಕಣ್ಣಾರೆ ಕಂಡವರಿದ್ದರೆ ಫೋನ್ ಮಾಡಿ. ಕೇಳಿದವರು, ಅಂದುಕೊಂಡವರು ದಯವಿಟ್ಟು ಲೈನ್ ಬಿಟ್ಟುಕೊಡಿ."

ಎರಡು ದಿನದಿಂದ ಬಿಡುವಿಲ್ಲದೆ ಹೊಡೆದುಕೊಂಡಿದ್ದ ಫೋನು ಸುಮ್ಮನಾಯಿತು. ಒಂದು ಹಾಡು ಮುಗಿಯಿತು. ಎರಡನೆಯದೂ ಮುಗಿಯಿತು. ಬೋರೇಗೌಡರು ಗಾಜಿನಾಚೆ ನೆಲ ನೋಡುತ್ತಾ ನಿಂತಿದ್ದರು. ಮೂರನೇ ಹಾಡಿನ ನಡುವೆ ಫೋನ್ ಬಡಿಯಿತು.

"ಮೇಡಂ, ಮದ್ದೂರಿಂದ ನಯಾಜ್. ಬಸ್‌ಸ್ಟ್ಯಾಂಡ್ ಇಂದೆ ಮೊಬೈಲ್ ರಿಪೇರಿ ಅಂಗಡಿ ನಂದು. ನಾನು ಕಂಡಿರೋದು ಒಂದೈತೆ."

ನಾನು ಪೆನ್ನು ಹಿಡಿದೆ.

"ಬುಧವಾರ ಮಹೇಶ ಅಂತ ಒಬ್ರು ಫೋನ್ ಕೊಟ್ರು. ನಾಲೆಗೆ ಬಿದ್ದಿತ್ತು. ಸಿಮ್ ತಕ್ಕೊಂಡು ಡಬ್ಬಾ ಫೋನಿಗೆ ಆಕ್ಕೊಂಡೋದ್ರು. ನಾನು ಒಣಗ್ಸಿ, ಬ್ಯಾಟರಿ ಬದಲಾಯ್ಸಿ, ನೆನ್ನೆ ಸಂಜೆ ಆನ್ ಮಾಡ್ದೆ. ಮೊದ್ಲೊಂದ್ಸಲ ರಿಪೇರಿಗೆ ಬಂದಿದ್ ಫೋನು, ಅಂಗಡಿ ವೈಫೈ ತಾನೇ ಇಡ್ಕೊಂಡು ಮೆಸೇಜೆಲ್ಲ ಬಂದ್ವು. ಒಂದ್ರ ಮೇಲೆ 'ಸುನಂದಕ್ಕ' ಅಂತೈತೆ. ವಾಯ್ಸ್ ಮೆಸೇಜು."

"ಏನಿದೆ ಅದರಲ್ಲಿ?"

"ಗೊತ್ತಿಲ್ಲ ಮೇಡಂ. ಲಾಕ್ ಐತೆ. ಇಲ್ದಿದ್ರೂ ಗಿರಾಕಿ ಮೆಸೇಜು ನಾನು ತೆಗೆಯಲ್ಲ. ಯಾವತ್ತಿಂದು ಅನ್ನೋದೂ ಗೊತ್ತಿಲ್ಲ. ಕಂಡಿದ್ದು ಹೆಸ್ರು ಒಂದೇ. ಅಷ್ಟೇ ಏಳ್ತಾ ಇದೀನಿ."

ಐದು ವರ್ಷದಲ್ಲಿ ಮೊದಲನೇ ಕಾಲಂಗೆ ಇಷ್ಟು ನಿಖರವಾಗಿ ಯಾರೂ ಬರೆಸಿರಲಿಲ್ಲ. ನಯಾಜ್ ಬೈಕಿನಲ್ಲಿ ನೇರ ತಾಯಮ್ಮನ ಊರಿಗೆ ಬರುತ್ತೇನೆ ಎಂದರು. ನಾನು ಸ್ಕೂಟರ್ ತೆಗೆದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಆ ಸಂದೇಶದಲ್ಲಿ "ಅಮ್ಮ, ವಿಮಾನ ಹತ್ತುತ್ತಿದ್ದೇನೆ" ಎಂದಿದ್ದರೆ? ಹಾಗಿದ್ದರೆ ಆ ಮಾತನ್ನು ಆ ತಾಯಿಯ ಮುಂದೆ ತಂದಿಡುವವಳೂ ನಾನೇ.

ತಾಯಮ್ಮನ ಮನೆ ಮುಂದೆ ಜನ ತುಂಬಿದ್ದರು. ಜಗುಲಿಯ ಮೇಲೆ ಅಕ್ಕಪಕ್ಕದವರು ತಂದ ಪಾತ್ರೆಗಳು ಮುಚ್ಚಿಕೊಂಡೇ ಸಾಲಾಗಿದ್ದವು. ಒಳಗೆ ಒಲೆ ಉರಿಯುತ್ತಿತ್ತು. ತಾಯಮ್ಮ ಸಣ್ಣ ಮೈಯ ಹೆಂಗಸು. ನನ್ನನ್ನು ನೋಡಿ ಎದ್ದೇಳಲಿಲ್ಲ.

"ನೀನೇನಾ ರೇಡಿಯೋದವ್ಳು? ದನಿ ಕೇಳಿ ದಪ್ಪಕ್ಕಿದ್ದೀಯ ಅಂದ್ಕಂಡಿದ್ದೆ. ಬೆಳಗ್ಗೆ ಕೇಳ್ದೆ. ತಪ್ಪು ನಂದು ಅಂದೆ. ನೀನೊಬ್ಳೇ ಕಣವ್ವ ಅಂಗಂದೋಳು. ಕೂತ್ಕ."

ನಯಾಜ್ ಬಂದರು. ಮಹೇಶ ಲಾಕಿನ ನಂಬರು ಒತ್ತಿದ, ತೆರೆಯಲಿಲ್ಲ. ಕೈ ಬೆವೆತಿತ್ತು. ನಯಾಜ್ ತಮ್ಮ ಕರ್ಚೀಫು ಕೊಟ್ಟು, "ನಿಧಾನ ಬ್ರದರ್" ಎಂದರು. ಒರೆಸಿಕೊಂಡು ಮತ್ತೆ ಒತ್ತಿದ. ತೆರೆಯಿತು. ನಾನು ಮೊದಲು ನೋಡಿದ್ದು ದಿನವನ್ನು. ಗುರುವಾರ ಸಂಜೆ. ವಿಮಾನ ಹೊರಟಿದ್ದು ಶುಕ್ರವಾರ.

ಮಹೇಶ ಸಂದೇಶ ಒತ್ತಿದ. ಸುನಂದಾಳ ಧ್ವನಿ ಮನೆ ತುಂಬ ಕೇಳಿತು.

"ಲೋ ಮಹೇಸ, ವಾಟ್ಸಾಪ್‌ನಾಗೆ ಎಷ್ಟ್ ಸಲ ಮಾಡದ್ಲಾ, ಫೋನ್ ಎತ್ತಕ್ಕಾಗಲ್ವ? ಅಮ್ಮಂಗೆ ಏಳು, ನಾನು ನಾಳೆ ಬತ್ತಿಲ್ಲ. ರಜ ಮುಂದಿನ ತಿಂಗಳಿಗೆ ಆಕವ್ರೆ. ಈಗ ಇವ್ರ ಮನೆಯೋರ ಜೊತೆ ದೂರದ್ ತೋಟದ ಮನೆಗೆ ಒಂಟಿದೀನಿ. ಅಲ್ಲಿ ಸಿಗ್ನಲ್ ಇರಲ್ಲ. ಎಂಟು ದಿನ ಬುಟ್ಟು ಮಾಡ್ತೀನಿ. ಅಮ್ಮ ಕಾಯ್ತಾ ಕೂರೋದು ಬ್ಯಾಡ."

ತಾಯಮ್ಮ ಒಲೆಗೆ ಇನ್ನೊಂದು ಸೌದೆ ತಳ್ಳಿ, ಕಣ್ಣೊರೆಸಿಕೊಂಡು, ಹೊಗೆ ಎಂದರು. ಆಮೇಲೆ ಎದ್ದು ಜಗುಲಿಗೆ ಬಂದು, ಸಾಲಾಗಿದ್ದ ಪಾತ್ರೆಗಳ ಮುಚ್ಚಳ ಒಂದೊಂದಾಗಿ ತೆಗೆದರು.

"ಈಗ ತನ್ನಿ ಒಳಕ್ಕೆ. ಎಲ್ರೂ ಕೂತು ಉಣ್ಣವ. ಲೇ ಬೋರ, ನಿನ್ ಫ್ಲೆಕ್ಸು ಎಲ್ಲದೆ? ಬಿಚ್ಚಿ ತತ್ತಾ."

"ಯಾಕಕ್ಕ?"

"ನನ್ ಉಲ್ಲಿನ ಮೆದೆಗೆ ಒದಿಕೆ ಇಲ್ಲ ಕಣ್ಲಾ. ಒಳ್ಳೆ ಗಟ್ಟಿ ಬಟ್ಟೆ."

ಎರಡು ದಿನದಿಂದ ಜನ ಬಂದು ಅಳುತ್ತಿದ್ದ ಆ ಮನೆಯಲ್ಲಿ ಎದ್ದ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಬೋರೇಗೌಡರೇ ಎಲ್ಲರಿಗಿಂತ ಜೋರಾಗಿ ನಕ್ಕು, ಜಗುಲಿಯ ಕಂಬ ಹಿಡಿದು ಎಲ್ಲರಿಗಿಂತ ಜೋರಾಗಿ ಅತ್ತರು. ನಾನು ಶಿವಲಿಂಗಯ್ಯ ಸರ್‌ಗೆ ಫೋನ್ ಮಾಡಿ, "ಮೊದಲನೇ ಕಾಲಂ ಸರ್, ಬರೆದುಕೊಳ್ಳಿ" ಎಂದೆ. ಐದು ನಿಮಿಷದ ಮೇಲೆ ಅದೇ ಮನೆಯ ರೇಡಿಯೋದಲ್ಲಿ ಅವರ ಧ್ವನಿ ಬಂತು. ಸುನಂದಾಳ ಧ್ವನಿಯನ್ನು ನಾವು ಪ್ರಸಾರ ಮಾಡಲಿಲ್ಲ. ಅದು ಆ ಮನೆಯ ಸ್ವತ್ತು.

ಆ ವಿಮಾನದ ಬಗ್ಗೆ ಏನಾದರೂ ಬರೆಯಿರಿ ಎಂದು ಹೊಸ ಹುಡುಗಿಯರು ಕೇಳಬಹುದು. ಅದರಲ್ಲಿದ್ದವರ ಮನೆಗಳಿಗೆ ಬಂದದ್ದು ನಮಗೆ ಬರಲಿಲ್ಲ. ಅವರ ಹೆಸರಿನಲ್ಲಿ ಅಂದುಕೊಂಡದ್ದನ್ನು ಆಡುವ ಹಕ್ಕು ನನಗಿಲ್ಲ. ನಮ್ಮ ಪುಸ್ತಕದಲ್ಲಿ ವಿಮಾನದ ಬಗ್ಗೆ ಮೂರನೇ ಕಾಲಂನಲ್ಲಿ ನಾಲ್ಕು ಪುಟ ಇವೆ. ಮೊದಲನೆಯದರಲ್ಲಿ ಒಂದು ಸಾಲೂ ಇಲ್ಲ.

ಆದರೆ ಗೆದ್ದದ್ದನ್ನು ಹೇಳಲೇಬೇಕು. ಆ ಭಾನುವಾರದ ಮೇಲೆ ನಾನು ಕೇಳುವ ಮೊದಲೇ ಕೇಳುಗರು ತಮ್ಮ ಕಾಲಂ ಹೇಳತೊಡಗಿದರು. "ಮೇಡಂ, ಇದು ಬರೀ ಕೇಳಿದ್ದು, ಬೇಕಾದ್ರೆ ಬರ್ಕೊಳಿ." ಚನ್ನಪ್ಪನವರು ಒಂದು ದಿನ, "ಇವತ್ತು ಪೂರ್ತಿ ಅಂದ್ಕಂಡಿದ್ದು. ಏಳ್ಲಾ, ಬ್ಯಾಡ್ವಾ?" ಎಂದು ಅಪ್ಪಣೆ ಕೇಳಿದರು. ಚಿಕ್ಕರಸಿನಕೆರೆಯ ಟೀ ಅಂಗಡಿಯಲ್ಲಿ ಯಾರಾದರೂ ದೊಡ್ಡ ಮಾತು ಆಡಿದರೆ "ಯಾವ್ ಕಾಲಂಲಾ ಅದು?" ಎಂದು ಗದರಿಸುತ್ತಾರೆ ಎಂದು ಬೋರೇಗೌಡರೇ ಬಂದು ವರದಿ ಕೊಟ್ಟರು. ಇದು ಯಾವ ಕಾಲಂ ಎಂದು ಕೇಳಿದೆ. "ನಾನೇ ಗದರ್ಸಿಸ್ಕಂಡಿದ್ದು ಕಣಮ್ಮ" ಎಂದರು.

ಹುಡುಗಿಯರೇ, ಹಾಡಿನ ಕಾರ್ಯಕ್ರಮಕ್ಕೂ ಪುಸ್ತಕ ಬಳಸಿ. ಕೆಂಪು ಶಾಯಿ ಬಲಗಡೆಯ ಡ್ರಾಯರಿನಲ್ಲಿದೆ. ಮಾಸಿದ ಗೆರೆಗಳ ಮೇಲೆ ಮತ್ತೆ ಎಳೆಯಿರಿ. ಅದಕ್ಕೆ ಮೊದಲು, ಬಟ್ಟೆಯ ದಾರ ಇಟ್ಟಿರುವ ಪುಟ ತೆರೆದು ನೋಡಿ. ವಿಮಾನ ಕಾಣೆಯಾದ ಮುಂದಿನ ತಿಂಗಳು, ಒಂದು ಬೆಳಿಗ್ಗೆ, "ಮನೆಮಾತು" ನಡೆಯುತ್ತಿದ್ದಾಗ ಬಂದ ಕರೆ ಅದು. ಹಿಂದೆ ಬಸ್ಸಿನ ಹಾರ್ನು, ಜನರ ಗದ್ದಲ. ತಾಯಮ್ಮ ಹೆಸರು ಹೇಳಲಿಲ್ಲ, ನಮಸ್ಕಾರವನ್ನೂ ಹೇಳಲಿಲ್ಲ.

"ಬರ್ಕಳವ್ವ. ಮೊದಲ್ನೇ ಕಾಲಂಗೆ ಬರ್ಕ. ಚಿಕ್ಕರಸಿನಕೆರೆ ಬಸ್‌ಸ್ಟಾಪು. ಮದ್ದೂರ್ ಬಸ್ಸು ಬಂತು. ನನ್ ಮಗಳು ಇಳಿದ್ಲು. ನಾನ್ ಕಂಡೆ."

ಬರೆದುಕೊಂಡಿದ್ದೇನೆ. ನೋಡಿ.